ಕೈ ಮಾಡಿದವರಿಗೆಲ್ಲ ನಿಲ್ಲುವ ಜೀಪು

ಬೆಳಗಿನ ಆರೂವರೆ. ವಿಜಯಪುರದ ಸಿದ್ಧೇಶ್ವರ ಗುಡಿಯ ಮುಂದೆ ನಮ್ಮ ಮಾಮಾನ ಹಳೆಯ ಜೀಪು ನಿಂತಿತ್ತು. ಒಳಗೆ ಹೋಗಿ ಕೈಮುಗಿದು ಬಂದ ಮಾಮಾ ಹಣೆಯ ತುಂಬ ವಿಭೂತಿ ಎಳೆದುಕೊಂಡಿದ್ದರು. ಬೆರಳಲ್ಲಿ ಉಳಿದದ್ದನ್ನು ಸ್ಟೇರಿಂಗಿಗೂ ಮೂರು ಗೆರೆ ಎಳೆದರು. ಹೂ ಮಾರುವ ಹೆಣ್ಣುಮಗಳು ಆಗಷ್ಟೇ ಬುಟ್ಟಿ ಬಿಚ್ಚಿ, ಸೇವಂತಿಗೆಗೆ ನೀರು ಚಿಮುಕಿಸುತ್ತಿದ್ದಳು. ತಿಂಗಳ ಹಿಂದೆ ಸಂಕ್ರಾಂತಿಯ ಜಾತ್ರೆಯಲ್ಲಿ ಎತ್ತರದ ನಂದಿಧ್ವಜಗಳು ತೂಗುತ್ತ ಸಾಗಿದ ಬೀದಿ ಇದು. ಈಗ ಮುಂಜಾನೆಯ ತಂಪಿನಲ್ಲಿ ಗಪ್ಪಾಗಿತ್ತು.

ನಾವು ಹೊರಟದ್ದು ಒಂದು ಸಿನಿಮಾದ ದೆಸೆಯಿಂದ. ಹಿಂದಿನ ರಾತ್ರಿ ಊಟವಾದ ಮೇಲೆ ಮಾಮಾ, ನಾನು ಇಬ್ಬರೂ ಕೂತು ‘ರಾಮಾ ರಾಮಾ ರೇ’ ನೋಡಿದ್ದೆವು. ಡಿ. ಸತ್ಯಪ್ರಕಾಶ್ ನಿರ್ದೇಶಿಸಿದ ಮೊದಲ ಚಿತ್ರ ಅದು, 2016ರ ಅಕ್ಟೋಬರ್ 21ರಂದು ತೆರೆಕಂಡಿತ್ತು. ದೊಡ್ಡ ತಾರೆಯರಿಲ್ಲ, ಸೆಟ್ಟುಗಳಿಲ್ಲ. ಗಲ್ಲು ಶಿಕ್ಷೆಯಾದ ಕೈದಿಯೊಬ್ಬ ಜೈಲಿನಿಂದ ಪರಾರಿಯಾಗುತ್ತಾನೆ. ದಾರಿಯಲ್ಲಿ ಅವನಿಗೊಂದು ಜೀಪು ಸಿಗುತ್ತದೆ. ಅದನ್ನು ಓಡಿಸುತ್ತಿರುವವನು ಅವನನ್ನೇ ನೇಣಿಗೇರಿಸಬೇಕಾದ ನೇಣುಗಾರ. ಕೊಲ್ಲಬೇಕಾದವನೂ ಸಾಯಬೇಕಾದವನೂ ಒಂದೇ ಗಾಡಿಯಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು ಹೋಗುತ್ತಾರೆ. ಮನೆಯವರಿಗೆ ಹೆದರಿ ಓಡಿಬಂದ ಪ್ರೇಮಿಗಳೂ ಅದೇ ಜೀಪು ಹತ್ತುತ್ತಾರೆ. ನೇಣುಗಾರನಾಗಿ ಕೆ. ಜಯರಾಂ, ಕೈದಿಯಾಗಿ ನಟರಾಜ್, ಪ್ರೇಮಿಗಳಾಗಿ ಧರ್ಮಣ್ಣ ಕಡೂರು ಮತ್ತು ಬಿಂಬಶ್ರೀ ನೀನಾಸಂ. ವಾಸುಕಿ ವೈಭವ್ ಅವರ ಹಾಡುಗಳು ಆ ದಾರಿಯ ಧೂಳಿನಂತೆ ಮೈಗೆ ಹತ್ತಿಕೊಳ್ಳುತ್ತವೆ. ಎರಡು ವರ್ಷದಲ್ಲಿ ಈ ಕಥೆ ‘ಆಟಗದರಾ ಶಿವ’ ಎಂಬ ಹೆಸರಿನಲ್ಲಿ ತೆಲುಗಿಗೂ ಹೋಯಿತು.

ಸಿನಿಮಾ ಮುಗಿದ ಮೇಲೆ ಮಾಮಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆ ಮುದುಕಂದು ಜೀಪ್ ಐತಿ, ನಮ್ಮದೂ ಜೀಪ್ ಐತಿ. ನಾಳೆ ಮುಂಜಾನೆದ್ದು ನಾವೂ ಹೋಗೂಣು ನಡಿ ಅಳಿಯಾ” ಎಂದರು. ಎಲ್ಲಿಗೆ ಎಂದು ಕೇಳಿದೆ. “ರಸ್ತೆ ಹೋದಲ್ಲಿಗೆ” ಎಂದು ದೀಪ ಆರಿಸಿದರು.

ಮಾಮಾನ ಜೀಪಿಗೆ ಒಂದೇ ಒಂದು ಕಾನೂನು. ರಸ್ತೆಯಲ್ಲಿ ಯಾರು ಕೈ ಮಾಡಿದರೂ ಅದು ನಿಲ್ಲಬೇಕು. ನಾನು ಚಿಕ್ಕವನಿದ್ದಾಗಿನಿಂದ ಇದನ್ನು ಕಂಡಿದ್ದೇನೆ. ಕುರಿಮರಿ ಹೊತ್ತವನು, ಬಾಣಂತಿಯನ್ನು ಕರೆದೊಯ್ಯುವವರು, ಪರೀಕ್ಷೆಗೆ ತಡವಾದ ಹುಡುಗರು ಎಲ್ಲರೂ ಇದರಲ್ಲಿ ಕೂತವರೇ. “ರಸ್ತ್ಯಾಗ ಕೈ ಮಾಡಿದಾವ್ರಿಗೆ ಇಲ್ಲ ಅನಬಾರದು. ಇವತ್ತ ಅವ್ರು ನಿಂತಾರ, ನಾಳೆ ನಾವು ನಿಂದರತೇವಿ” ಎನ್ನುವುದು ಅವರ ಮಾತು.

ಗಾಂಧಿ ಚೌಕ ದಾಟುವಾಗ ಮಾಮಾ ಮತ್ತೆ ಸಿನಿಮಾಕ್ಕೆ ಬಂದರು. “ನಮ್ಮ ಊರಾಗೂ ದೊಡ್ಡ ಜೇಲ ಐತಿ, ದರ್ಗಾದಾಗ. ಆದ್ರ ಗಲ್ಲಿನ ಕಂಬ ಇರೂದು ಬೆಳಗಾವಿ ಹಿಂಡಲಗಾದಾಗ. ಇಲ್ಲಿಂದ ಒಬ್ಬಾಂವ ತಪ್ಪಿಸ್ಕೊಂಡು ಓಡಿದಾ ಅಂತ ತಿಳಿ. ಎಲ್ಲಿ ಓಡ್ತಾನ? ಈ ಊರಾಗ ಯಾವ ಕಡೆ ಓಡಿದ್ರೂ ಗೋರಿನ ಅಡ್ಡ ಬರ್ತಾವ!”

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಹುಟ್ಟಿದಾಗಿನಿಂದ ನೋಡುತ್ತ ಬಂದ ಊರು ಒಂದೇ ಮಾತಿಗೆ ಬೇರೆಯಾಗಿ ಕಂಡಿತು. ಜೀಪಿನ ಕನ್ನಡಿಯಲ್ಲಿ ಹಿಂದೆ ಸರಿಯುತ್ತಿದ್ದ ಗೋಳಗುಮ್ಮಟ ಮಹಮ್ಮದ್ ಆದಿಲ್ ಶಾಹನ ಗೋರಿ. ಸುಮಾರು 44 ಮೀಟರ್ ಅಗಲದ ಗುಮ್ಮಟ, ನಡುವೆ ಒಂದು ಕಂಬವೂ ಇಲ್ಲದೆ ಮೂರೂವರೆ ಶತಮಾನದಿಂದ ನಿಂತಿದೆ. 1656ರಲ್ಲಿ ಅವನು ಅದರ ಕೆಳಗೆ ಹೋಗಿ ಮಲಗಿದ. ಅದಕ್ಕಿಂತ ದೊಡ್ಡದನ್ನು ಕಟ್ಟಿಸಲು ಹೊರಟ ಮಗ ಎರಡನೆಯ ಅಲಿಗೆ ಆಯುಷ್ಯ ಸಾಲಲಿಲ್ಲ. 1672ರಲ್ಲಿ ಅವನು ತೀರಿಕೊಂಡಾಗ ಎದ್ದು ನಿಂತಿದ್ದು ಕಮಾನುಗಳಷ್ಟೇ. ಅದೇ ಬಾರಾಕಮಾನ್, ಆಕಾಶವೇ ಅದಕ್ಕೆ ಮಾಳಿಗೆ. ಪಡುವಣಕ್ಕೆ ಬಂದರೆ ಇಬ್ರಾಹಿಂ ರೋಜಾ. ರಾಣಿ ತಾಜ್ ಸುಲ್ತಾನಳಿಗೆಂದು ಮಲಿಕ್ ಸಂದಲ್ ಎಂಬಾತನ ಉಸ್ತುವಾರಿಯಲ್ಲಿ ಎದ್ದ ಕಟ್ಟಡ ಅದು. ಆದರೆ 1627ರಲ್ಲಿ ಎರಡನೆಯ ಇಬ್ರಾಹಿಮನೇ ಮೊದಲು ಹೋಗಿ ಅಲ್ಲಿ ಮಲಗಿದ. ಸಾವಿಗೆ ಇಷ್ಟು ಚೆಂದದ ಮನೆಗಳನ್ನು ಕಟ್ಟಿಕೊಟ್ಟ ಊರು ಇನ್ನೊಂದಿದೆಯೇ! ರೋಜಾದ ಮಿನಾರುಗಳ ತುದಿಗೆ ಬಿಸಿಲು ತಾಗಿ ಕಲ್ಲು ಬೆಲ್ಲದ ಬಣ್ಣಕ್ಕೆ ತಿರುಗುತ್ತಿತ್ತು. ಗಿಳಿಗಳ ಹಿಂಡೊಂದು ಕಿರುಚುತ್ತ ಹಾರಿಹೋಯಿತು.

ಮುಖ್ಯ ರಸ್ತೆ ಬಿಟ್ಟು ಹೊಲಗಳ ನಡುವಿನ ಕಚ್ಚಾ ದಾರಿಗೆ ಮಾಮಾ ಜೀಪು ತಿರುಗಿಸಿದರು. ಊರಿನ ಸದ್ದೆಲ್ಲ ಒಮ್ಮೆಲೇ ನಿಂತಿತು. ಜೀಪಿನಿಂದ ಇಳಿದು ನಾಲ್ಕು ಹೆಜ್ಜೆ ನಡೆದದ್ದಷ್ಟೇ. ಮುಂದೆ ಕರಿಕಲ್ಲಿನ ಗೋರಿಗಳು, ಸಾಲು ಸಾಲಾಗಿ. ಜನ ಇದನ್ನು ಸಾಠ್ ಕಬರ್ ಎನ್ನುತ್ತಾರೆ, ಅರವತ್ತು ಗೋರಿ. ಎಲ್ಲ ಒಂದೇ ಅಳತೆ, ಒಂದೇ ಕಲ್ಲು, ಒಂದೇ ಅಂತರ. ಮೇಲ್ಭಾಗ ಸಪಾಟು. ಸಪಾಟಾಗಿದ್ದರೆ ಅದು ಹೆಣ್ಣಿನ ಗೋರಿ ಎಂದು ಮಾಮಾ ಹೇಳಿದರು. ಕಣ್ಣು ಹೋದಷ್ಟು ದೂರ ಸಪಾಟಾದ ಕಲ್ಲುಗಳೇ.

ಜನರು ಹೇಳುವ ಕಥೆ ಇದು. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮೊದಲು ಆದಿಲ್ ಶಾಹಿ ಸೇನಾನಿ ಅಫ್ಜಲ್ ಖಾನ ಭವಿಷ್ಯ ಕೇಳಿದ. ನೀನು ತಿರುಗಿ ಬರುವುದಿಲ್ಲ ಎಂದರು ಜ್ಯೋತಿಷಿಗಳು. ತಾನು ಸತ್ತ ಮೇಲೆ ತನ್ನ ಹೆಂಡಂದಿರು ಬೇರೆಯವರ ಪಾಲಾಗಬಾರದೆಂದು ಒಬ್ಬೊಬ್ಬರನ್ನೇ ಬಾವಿಗೆ ನೂಕಿಸಿದ. ಹೆದರಿ ಓಡಿದವಳನ್ನೂ ಬೆನ್ನಟ್ಟಿ ಕೊಲ್ಲಿಸಿದ. ಕಥೆಯಲ್ಲಿ ಎಷ್ಟು ದಿಟ, ಎಷ್ಟು ಬೆಳೆದದ್ದು ಎನ್ನುವುದು ಬೇರೆ ಮಾತು. ಖಾನ ತಿರುಗಿ ಬರಲಿಲ್ಲ ಎನ್ನುವುದು ಮಾತ್ರ ಇತಿಹಾಸ. 1659ರ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಅವನು ಹತನಾದ, ಅಲ್ಲೇ ಮಣ್ಣಾದ. ತನಗೆಂದು ಇಲ್ಲಿ ಕಟ್ಟಿಸಿಕೊಂಡ ಗೋರಿ ಖಾಲಿಯೇ ಉಳಿಯಿತು ಎನ್ನುತ್ತಾರೆ.

ಒಂದು ಗೋರಿಯ ಪಕ್ಕದಲ್ಲಿ ಮೊಣಕಾಲೂರಿ ಕೂತೆ. ಕಲ್ಲಿನ ಮೇಲೆ ರಾತ್ರಿಯ ಇಬ್ಬನಿ ಇನ್ನೂ ಆರಿರಲಿಲ್ಲ. ಅಂಚಿನಲ್ಲಿ ಯಾವ ಕೈಯೋ ಬಹಳ ಜೋಕೆಯಿಂದ ಕೊರೆದ ಒಂದು ಗೆರೆ. ಬೆರಳಿಟ್ಟು ಎಳೆದರೆ ಎಲ್ಲೂ ತಡೆಯುವುದಿಲ್ಲ. ಹೆಸರಿಲ್ಲ. ಪಕ್ಕದ ಕಲ್ಲಿಗೂ ಹೆಸರಿಲ್ಲ. ಒಂದು ಇರುವೆಸಾಲು ಈ ಗೋರಿಯಿಂದ ಇಳಿದು ಮುಂದಿನ ಗೋರಿ ಹತ್ತುತ್ತಿತ್ತು. ಇವರೆಲ್ಲ ಅವನ ಪಕ್ಕದಲ್ಲಿ ಕೂತು ಉಂಡವರು, ಅವನ ಜ್ವರಕ್ಕೆ ಹಣೆ ಮುಟ್ಟಿ ನೋಡಿದವರು ಇರಬಹುದಲ್ಲ ಎನಿಸಿ ಎದೆ ಭಾರವಾಯಿತು. ಸಿನಿಮಾದ ಕೈದಿಗೂ ಈ ಖಾನನಿಗೂ ಸಾವು ಮೊದಲೇ ಗೊತ್ತಿತ್ತು. ಸಾವು ಗೊತ್ತಾದಾಗ ಮನುಷ್ಯ ತನ್ನ ಪಕ್ಕದಲ್ಲಿರುವವರನ್ನು ಏನು ಮಾಡುತ್ತಾನೆ? ಈ ಪ್ರಶ್ನೆ ಅಲ್ಲಿ, ಆ ಕಲ್ಲಿನ ಮೇಲೆ ಕೈಯಿಟ್ಟಾಗ ನನಗೆ ಹುಟ್ಟಿತು. ದಿನವಿಡೀ ಅದು ನನ್ನ ಜೊತೆಗೇ ಜೀಪಿನಲ್ಲಿ ಕೂತು ಬಂತು.

ತೊರವಿಗೆ ಬಂದಾಗ ಬಿಸಿಲು ಏರಿತ್ತು. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಕಡೆಗೆ ಹುಡುಗಿಯರ ಗುಂಪುಗಳು ಪುಸ್ತಕ ಎದೆಗವಚಿಕೊಂಡು ನಗುತ್ತ ನಡೆದಿದ್ದವು. ಸಾಠ್ ಕಬರಿನಿಂದ ಬಂದ ಕಣ್ಣಿಗೆ ಆ ನಗು ಎಂಥ ತಂಪು ಎನಿಸಿತೆಂದರೆ ಮಾಮಾ ಸಹ ಗಾಡಿ ನಿಧಾನ ಮಾಡಿದರು.

ತೊರವಿ ನರಸಿಂಹ ದೇವರ ಊರು. ಕನ್ನಡಿಗರೆಲ್ಲರಿಗೂ ಇದು ಇನ್ನೊಂದು ಕಾರಣಕ್ಕೆ ಗೊತ್ತು. ನರಹರಿ ಎಂಬ ಕವಿ ಕುಮಾರ ವಾಲ್ಮೀಕಿ ಎಂದು ಹೆಸರಿಟ್ಟುಕೊಂಡು ಭಾಮಿನಿ ಷಟ್ಪದಿಯಲ್ಲಿ ರಾಮನ ಕಥೆ ಹೇಳಿದ. ಊರಿನ ಹೆಸರೇ ಕಾವ್ಯಕ್ಕೆ ಹತ್ತಿ ಅದು ತೊರವೆ ರಾಮಾಯಣವಾಯಿತು. ದೇವರ ಮುಂದೆ ಕೈಮುಗಿದು ನಿಂತಾಗ ನನಗೆ ಥಟ್ಟನೆ ಹೊಳೆಯಿತು. ರಾಮನ ಕಥೆ ಹೇಳಿದ ಮೊದಲ ಕವಿ ಯಾರು? ದಾರಿಗಳ್ಳ. ಕಾಡಿನ ದಾರಿಯಲ್ಲಿ ಬಂದವರನ್ನು ಬಡಿದು ದೋಚುತ್ತಿದ್ದವನು. ಒಂದು ದಿನ ಅದೇ ದಾರಿಯಲ್ಲಿ ಬಂದ ನಾರದರು ಕೇಳಿದರು, ನಿನ್ನ ಪಾಪದಲ್ಲಿ ಮನೆಯವರು ಪಾಲು ತಗೊಳ್ಳುತ್ತಾರೇನು, ಹೋಗಿ ಕೇಳಿ ಬಾ ಎಂದು. ಅವನು ಹೋಗಿ ಕೇಳಿದ. ಹೆಂಡತಿ, ಮಕ್ಕಳು ಯಾರೂ ಒಪ್ಪಲಿಲ್ಲ. ತಿರುಗಿ ಬಂದು, ‘ಮರಾ ಮರಾ’ ಎನ್ನುತ್ತ ಕೂತವನ ಸುತ್ತ ಹುತ್ತ ಬೆಳೆಯಿತು, ‘ಮರಾ’ ‘ರಾಮ’ವಾಯಿತು. ಅಂದರೆ ಅಪರಾಧ, ದಾರಿ, ಸಾವಿನ ಅಂಜಿಕೆ, ಬಿಡುಗಡೆ ಇವೆಲ್ಲ ಸೇರಿದ ಕಥೆ ನಮಗೆ ಹೊಸದಲ್ಲ, ಎಲ್ಲೋ ಹೊರಗಿನಿಂದ ಬಂದದ್ದೂ ಅಲ್ಲ. ಅಜ್ಜಿಯ ತೊಡೆಯ ಮೇಲೆ ಕೇಳಿದ ಮೊದಲ ಕಥೆಯೇ ಅದು! ‘ರಾಮಾ ರಾಮಾ ರೇ’ ಎಂಬ ಹೆಸರು ಆ ಚಿತ್ರಕ್ಕೆ ಎಷ್ಟು ಆಳದಿಂದ ಬಂದು ಹತ್ತಿದೆ ಎನ್ನುವುದು ನನಗೆ ತೊರವಿಯ ನೆಲದ ಮೇಲೆ ನಿಂತಾಗ ತಿಳಿಯಿತು.

ವಾಲ್ಮೀಕಿಯ ಕಥೆಯಲ್ಲೂ ದಾರಿಯಲ್ಲಿ ಸಿಕ್ಕವನೇ ಬದುಕು ತಿರುಗಿಸಿದ. ಕುರುಕ್ಷೇತ್ರದಲ್ಲಿ ಕೈ ಕಾಲು ಸೋತು ಕೂತ ಅರ್ಜುನನಿಗೂ ದಾರಿ ತೋರಿದ್ದು ರಥ ಹೊಡೆಯುತ್ತಿದ್ದವನೇ. ಆ ಸಿನಿಮಾದ ಜೀಪು ಸಹ ನನ್ನ ಕಣ್ಣಿಗೆ ಒಂದು ರಥದ ಹಾಗೇ ಕಾಣುತ್ತದೆ. ಒಬ್ಬನ ಕೈಯಲ್ಲಿ ಸ್ಟೇರಿಂಗ್, ಇನ್ನೊಬ್ಬನ ಎದೆಯಲ್ಲಿ ನಡುಕ.

ತೊರವಿಯ ಬಸ್ ನಿಲ್ದಾಣದ ಹತ್ತಿರ ಮೊದಲ ಕೈ ಎದ್ದಿತು. ಇಳಕಲ್ ಸೀರೆ ಉಟ್ಟ ಮುದುಕಿ, ಕಂಕುಳಲ್ಲಿ ಬಟ್ಟೆಯ ಚೀಲ. ಮಾಮಾ ಬ್ರೇಕ್ ಒತ್ತಿದರು.

“ಎಲ್ಲಿಗಿ ಆಯಿ?”

“ಬಿಜ್ಜರಗಿಗೆ ಯಪ್ಪಾ. ನೀವೆಲ್ಲಿತನಕ ಹೊಂಟೀರಿ?”

“ನೀವು ಹೇಳಿದಲ್ಲಿತನಕ. ಹತ್ತರ್ರಿ.”

ನಾನು ಹಿಂದೆ ಹೋಗಿ ಕೂರಲು ಎದ್ದೆ. ಆಯಿ ಬೇಡವೆಂದು, ನನ್ನ ಪಕ್ಕದಲ್ಲೇ ಸರಿದು ಕೂತು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಚೀಲದಿಂದ ಶೇಂಗಾ ಹಿಂಡಿಯ ವಾಸನೆ ಬರುತ್ತಿತ್ತು.

ಅಥಣಿ ರಸ್ತೆಯಲ್ಲಿ ತಿಕೋಟಾ ಹತ್ತಿರವಾದಂತೆ ನೆಲದ ಬಣ್ಣ ಬದಲಾಗುತ್ತ ಹೋಯಿತು. ಒಂದು ಕಡೆ ಎರೆಹೊಲದಲ್ಲಿ ಬಿಳಿಜೋಳದ ತೆನೆಗಳು ಕೊಯ್ಲಿಗೆ ಬಾಗಿದ್ದವು. ಇನ್ನೊಂದು ಕಡೆ ದ್ರಾಕ್ಷಿಯ ಪಡಗಳು, ಬಳ್ಳಿಯ ಚಪ್ಪರದ ಕೆಳಗೆ ಹಸಿರು ಕತ್ತಲು. ಬರ ಎಂದರೆ ವಿಜಯಪುರ, ವಿಜಯಪುರ ಎಂದರೆ ಬರ ಎಂದು ಕೇಳುತ್ತ ಬೆಳೆದವರು ನಾವು. ಟ್ಯಾಂಕರಿನಲ್ಲಿ ನೀರು ತಂದು ಬಳ್ಳಿ ಉಳಿಸಿಕೊಂಡ ರೈತರ ನಾಡು ಇದು. ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಲ್ಲಿ ಕೃಷ್ಣೆಯ ನೀರು ಈ ಎತ್ತರಕ್ಕೆ ಏರಿ ಬಂದದ್ದು ಈಚಿನ ವರ್ಷಗಳಲ್ಲಿ. ನೀರು ಮೇಲಕ್ಕೆ ಹರಿದು ಬಂದದ್ದನ್ನು ನೋಡಲು ಹಿರಿಯರು ಕಾಲುವೆಯ ಬದಿಗೆ ಬಂದು ನಿಲ್ಲುತ್ತಿದ್ದರಂತೆ.

ತಿಕೋಟಾದ ಹೊರಗೆ ಮಾಮಾನ ಪರಿಚಯದ ರೈತರೊಬ್ಬರ ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡಿಗೆ ಹೋದೆವು. ಹೊರಗಿನಿಂದ ನೋಡಿದರೆ ತಗಡಿನ ಮಾಳಿಗೆ, ಸುತ್ತ ಹಸಿರು ಜಾಳಿಗೆಯ ಪರದೆ, ಅಷ್ಟೇ. ಪರದೆ ಸರಿಸಿ ಒಳಗೆ ಕಾಲಿಟ್ಟೆ. ಆಹಾ! ನೆಲದಿಂದ ಮಾಳಿಗೆಯವರೆಗೆ ಒಂದರ ಮೇಲೊಂದು ಬಲೆಯ ಅಂತಸ್ತುಗಳು. ಪ್ರತಿಯೊಂದರ ಮೇಲೂ ಗೊಂಚಲು ಗೊಂಚಲು ದ್ರಾಕ್ಷಿ. ಪರದೆಯಿಂದ ಸೋಸಿ ಬಂದ ಬೆಳಕು ಒಂದೊಂದು ಹಣ್ಣಿನಲ್ಲೂ ಹೊಕ್ಕು ನಿಂತಿತ್ತು. ಆರಂಭದ ಅಂತಸ್ತಿನಲ್ಲಿ ಮೊನ್ನೆ ಹಾಕಿದ ಹಣ್ಣು, ಇನ್ನೂ ಮೈತುಂಬಿಕೊಂಡು ಹಸಿರಾಗಿತ್ತು. ಮುಂದಿನದರಲ್ಲಿ ತುಸು ಸುಕ್ಕು. ಕೊನೆಯದರಲ್ಲಿ ಬಂಗಾರದ ಬಣ್ಣದ ಪುಟ್ಟ ಪುಟ್ಟ ಮಣೂಕ. ಒಂದು ಬದುಕಿನ ಮೊದಲು, ನಡು, ಕೊನೆ ಮೂರನ್ನೂ ಒಂದೇ ಸೂರಿನ ಕೆಳಗೆ ನಡೆದು ನೋಡಿದ ಹಾಗಾಯಿತು.

ರೈತರು ಒಂದು ಗೊಂಚಲು ಎತ್ತಿ ತೋರಿಸಿದರು. ಹಣ್ಣಿನ ಮೈಮೇಲೆ ಬೂದಿಯಂಥ ತೆಳುವಾದ ಮೇಣದ ಪೊರೆ ಇರುತ್ತದೆ. ಪೊಟ್ಯಾಷಿಯಂ ಕಾರ್ಬೊನೇಟು ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿದರೆ ಆ ಪೊರೆ ಸಡಿಲಾಗುತ್ತದೆ, ಒಳಗಿನ ನೀರಿಗೆ ದಾರಿಯಾಗುತ್ತದೆ. ಆಮೇಲೆ ಬಲೆಯ ಮೇಲೆ ಹರವಿ ಬಿಟ್ಟರೆ ಗಾಳಿಯೇ ಕೆಲಸ ಮಾಡುತ್ತದೆ. ಹದಿನೈದು ದಿನದ ಹೊತ್ತಿಗೆ ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಮಣೂಕವಾಗಿ ಉಳಿಯುತ್ತದೆ. ಬಿಸಿಲಿಗೆ ನೇರ ಇಟ್ಟರೆ ಕಪ್ಪಾಗುತ್ತದೆ. ನೆರಳಿನಲ್ಲೇ ಒಣಗಬೇಕು.

“ದ್ರಾಕ್ಷಿ ಸಾಯಂಗಿಲ್ರಿ ಸರ. ನೀರಷ್ಟ ಬಿಟ್ಟ ಹೋಗ್ತೈತಿ. ಸಕ್ಕರಿ ಎಲ್ಲೂ ಹೋಗಂಗಿಲ್ಲ” ಎಂದರು ಅವರು, ಒಂದು ಕಾಳು ನನ್ನ ಅಂಗೈಗೆ ಇಡುತ್ತ. ಬಾಯಿಗೆ ಹಾಕಿಕೊಂಡೆ. ಇಡೀ ಬೇಸಿಗೆಯ ಸಿಹಿ ಒಂದು ಕಾಳಿನಲ್ಲಿತ್ತು. ಹೊರಡುವಾಗ ಎರಡು ಬೊಗಸೆ ಮಣೂಕ ನನ್ನ ಅಂಗಿಯ ಜೇಬಿಗೆ ತುಂಬಿದರು. ಬೇಡವೆಂದರೂ ಬಿಡಲಿಲ್ಲ. ಆಯಿಯ ಸೆರಗಿಗೂ ಕಟ್ಟಿಕೊಟ್ಟರು.

ಜೀಪು ಮತ್ತೆ ಹೊರಟಿತು. ಆಯಿ ನನ್ನ ಉಬ್ಬಿದ ಜೇಬು ನೋಡಿ ನಕ್ಕರು. “ನಮ್ಮ ಅಪ್ಪೋರ ಅಂಗಿಗೆ ಜೇಬ ಇರಲಿಲ್ಲ ನೋಡ್ರಿ” ಎಂದರು.

ಈ ಸೀಮೆಯಲ್ಲಿ ಅಪ್ಪೋರೆಂದರೆ ಯಾರೆಂದು ಕೇಳಬೇಕಿಲ್ಲ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. 1940ರಲ್ಲಿ ಅವರು ಹುಟ್ಟಿದ್ದು ಇದೇ ಬಿಜ್ಜರಗಿಯಲ್ಲಿ, ಈಗಿನ ತಿಕೋಟಾ ತಾಲೂಕಿನಲ್ಲಿ. ಗುರು ಮಲ್ಲಿಕಾರ್ಜುನ ಸ್ವಾಮೀಜಿಯವರ ಜೊತೆ ಊರೂರು ತಿರುಗಿ, ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಕೊನೆಯವರೆಗೂ ಜೇಬಿಲ್ಲದ ಬಿಳಿ ಅಂಗಿ ತೊಟ್ಟು ಬದುಕಿದವರು. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡವೆಂದರು. 2014ರ ಗುರುಪೂರ್ಣಿಮೆಯ ದಿನ ತಮ್ಮ ಕೊನೆಯ ಮಾತುಗಳನ್ನು ಬರೆದಿಟ್ಟರು. ದೇಹವನ್ನು ಮಣ್ಣಿಗಿಡದೆ ಬೆಂಕಿಗೆ ಕೊಡಬೇಕು, ಶ್ರಾದ್ಧವಿಧಿಗಳು ಬೇಡ, ಬೂದಿಯನ್ನು ನದಿಗೋ ಸಮುದ್ರಕ್ಕೋ ಬಿಡಬೇಕು, ಸ್ಮಾರಕ ಕಟ್ಟಬಾರದು. ಗೋರಿಗಳ ನಗರದಲ್ಲಿ ನಿಂತು, ನನಗೆ ಗೋರಿ ಬೇಡ ಎಂದವರು ಅವರು. 2023ರ ಜನವರಿ 2ರಂದು, ವೈಕುಂಠ ಏಕಾದಶಿಯ ದಿನ ಹೊರಟುಹೋದರು.

“ಮರುದಿನ ಸೈನಿಕ ಸಾಲಿ ಮೈದಾನದಾಗ ಇಟ್ಟಿದ್ರು. ನಾನೂ ಹೋಗಿದ್ದೆ” ಎಂದರು ಆಯಿ. “ಏನ್ ಮಂದಿ ಯಪ್ಪಾ! ಇರುವಿ ಹಂಗ. ಆದ್ರ ಒಬ್ಬರೂ ದನಿ ಎತ್ತಲಿಲ್ಲ. ಥಂಡಿ ಹಂತಾದ್ದು. ಸಾಲಿನಾಗ ನಿಂತು ಮುಂದ ನೋಡ್ತೀನಿ, ನಮ್ಮ ನೆಗೆಣ್ಣಿ ನಿಂತಾಳ.”

ನಾವು ಸುಮ್ಮನಿದ್ದೆವು. ಮಾಮಾ ವೇಗ ತಗ್ಗಿಸಿದರು.

“ಹೊಲದ ಬದುವಿನ ಸಲುವಾಗಿ ಹನ್ನೆರಡ ವರ್ಷ ಮಾತಿರಲಿಲ್ಲ. ಆಕಿ ಮಗನ ಲಗ್ಗನಕ್ಕ ನಾ ಹೋಗಲಿಲ್ಲ. ನಮ್ಮ ಮನ್ಯಾಂವ ಸತ್ತಾಗ ಆಕಿ ಬರಲಿಲ್ಲ. ಒಂದ ಹೊತ್ತಾತು, ಎರಡ ಹೊತ್ತಾತು, ಸಾಲು ಸರೀಲಿಲ್ಲ. ಆಕಿ ಗಡಗಡ ನಡಗಲಿಕತ್ತಿದ್ಲು. ನೋಡೂದು ಎಷ್ಟೊತ್ತ? ನನ್ನ ಚಾದರ ಬಿಚ್ಚಿ ಆಕಿ ಹೆಗಲಿಗಿ ಹಾಕಿದ್ಯಾ. ಆಕಿ ಹೊಳ್ಳಿ ನೋಡಿ ನನ್ನ ಕೈ ಹಿಡ್ಕೊಂಡ್ಲು. ಅಪ್ಪೋರ ಮುಖ ನೋಡೂತನಕ ಬಿಡಲಿಲ್ಲ.”

“ಆಮ್ಯಾಲ?” ಎಂದೆ ನಾನು.

“ಆಮ್ಯಾಲೇನು? ಹಿಂಡಿ ಆಕಿದು, ಈ ಚೀಲದಾಗಿಂದು. ಈಗ ಆಕಿ ಮೊಮ್ಮಗಳ ಬಾಣಂತನಕ್ಕ ಹೋಗಿ ಬಂದೆ.”

ಇಷ್ಟೇ ಮಾತು. ಆಯಿ ಕಿಟಕಿಯಾಚೆ ನೋಡುತ್ತ ಕೂತರು. ನನಗೆ ಮೈ ಜುಮ್ಮೆಂದಿತು. ಬೆಳಗ್ಗೆ ಸಾಠ್ ಕಬರಿನಲ್ಲಿ ಹುಟ್ಟಿದ ಪ್ರಶ್ನೆ ಇಲ್ಲಿ, ನನ್ನ ಪಕ್ಕದ ಸೀಟಿನಿಂದಲೇ ಉತ್ತರ ಪಡೆದಿತ್ತು. ಸಾವಿನ ಸುದ್ದಿ ಕೇಳಿ ಒಬ್ಬ ತನ್ನ ಹತ್ತಿರದವರನ್ನು ಬಾವಿಗೆ ನೂಕಿದ ಎಂದು ಜನ ಇಂದಿಗೂ ಹೇಳುತ್ತಾರೆ. ಸಾವಿನ ಮುಂದೆ ಸಾಲು ನಿಂತ ಒಬ್ಬಳು ತನ್ನ ಚಾದರ ಬಿಚ್ಚಿ ವೈರಿಯ ಹೆಗಲಿಗೆ ಹಾಕಿದಳು. ಬಿಡುಗಡೆ ಎನ್ನುವುದನ್ನು ನಾನು ಬಹಳ ದೊಡ್ಡದೆಂದು, ಬಹಳ ದೂರದ್ದೆಂದು ತಿಳಿದಿದ್ದೆ. ಅದು ಪಕ್ಕದಲ್ಲಿ ನಡುಗುವವರ ಹೆಗಲಿನಷ್ಟು ಹತ್ತಿರ. ಆ ಚಿತ್ರದಲ್ಲಿ ಕೈದಿಯೂ ನೇಣುಗಾರನೂ ಜೊತೆಯಲ್ಲಿ ಸಾಗಿದಷ್ಟೂ ಇಬ್ಬರ ಮುಖಗಳು ಮೆತ್ತಗಾಗುತ್ತ ಹೋದದ್ದರ ಗುಟ್ಟೂ ಅದೇ ಎಂದು ಈಗ ನನಗೆ ಅನಿಸುತ್ತದೆ. ಒಂದೇ ಗಾಡಿಯಲ್ಲಿ ಕೂತವನನ್ನು ಬಹಳ ಹೊತ್ತು ಹೆಸರಿಲ್ಲದವನಾಗಿ ಇಡುವುದು ಆಗದ ಕೆಲಸ.

ಬಿಜ್ಜರಗಿಯಲ್ಲಿ ಆಯಿ ಇಳಿದರು. ಊರು ಎಲ್ಲ ಊರುಗಳಂತೆಯೇ ಇತ್ತು. ಕಟ್ಟೆಯ ಮೇಲೆ ಹಿರಿಯರು, ಬಾಗಿಲ ಮುಂದೆ ಮೆಲುಕು ಹಾಕುವ ಎಮ್ಮೆ, ರಾಶಿಗೆ ಕಾಯುವ ಕಣ. ಇದೇ ಮಣ್ಣಿನ ಒಬ್ಬ ಹುಡುಗ ಮುಂದೆ ಲಕ್ಷಾಂತರ ಜನರನ್ನು ಮೌನವಾಗಿ ಕೂರಿಸಿ, ಬದುಕು ಹೇಗೆ ಹಗುರ ಮಾಡಿಕೊಳ್ಳಬೇಕೆಂದು ಮೆಲ್ಲನೆಯ ದನಿಯಲ್ಲಿ ಹೇಳುತ್ತ ತಿರುಗಿದನಲ್ಲ ಎಂದು ಬೆರಗಾಯಿತು. ಮಾಮಾ ಇಳಿದು ಒಂದು ಚಿಟಿಕೆ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡರು. ಬೆಳಗ್ಗೆ ಸಿದ್ಧೇಶ್ವರನ ವಿಭೂತಿ ಹಚ್ಚಿದ ಸ್ಟೇರಿಂಗಿನ ಮೇಲೆ ಈಗ ಬಿಜ್ಜರಗಿಯ ಧೂಳೂ ಸೇರಿತು.

ಗುಡಿಯ ಸಿದ್ಧೇಶ್ವರನೆಂದರೆ ನಮ್ಮ ಜನರ ಪಾಲಿಗೆ ಸೊನ್ನಲಿಗೆಯ ಸಿದ್ಧರಾಮ, ಹನ್ನೆರಡನೆಯ ಶತಮಾನದ ಶಿವಯೋಗಿ. ಸೊಲ್ಲಾಪುರದಲ್ಲಿ ಕೆರೆ ಕಟ್ಟಿಸಿದವನು, ಗುಡಿಗಳನ್ನು ಎತ್ತಿಸಿದವನು. ಒಳ್ಳೆಯ ಕೆಲಸವನ್ನೇ ಮಾಡಿದವನ ಬಳಿಗೂ ಅಲ್ಲಮ ನಡೆದು ಬಂದು, ಮಾಡಿದೆನೆಂಬುದನ್ನು ಬಿಡು ಎಂದು ತಿಳಿಹೇಳಿದನೆಂದು ಶೂನ್ಯಸಂಪಾದನೆಯ ಕಥೆ ಹೇಳುತ್ತದೆ. ಕಳ್ಳನಿಗೆ ಮಾತ್ರ ಬಿಡುಗಡೆ ಬೇಕೆಂದು ತಿಳಿದಿದ್ದೆ. ಕೆರೆ ಕಟ್ಟಿಸಿದವನಿಗೂ ಅದು ಬೇಕಾಯಿತು. ಅವನ ಹೆಸರು ಹೊತ್ತ ಸ್ವಾಮಿಗಳು ಜೇಬನ್ನೇ ಹೊಲಿಸಿಕೊಳ್ಳಲಿಲ್ಲ.

ಹಳ್ಳಿಗಳ ಒಳದಾರಿ ಹಿಡಿದು ಬಬಲೇಶ್ವರ ಮುಟ್ಟುವಾಗ ಹೊತ್ತು ವಾಲಿತ್ತು. ಗುರುಪಾದೇಶ್ವರ ಮಠಕ್ಕೆ ಹೋಗಿ ಕೈಮುಗಿದು, ರಸ್ತೆಬದಿಯ ಅಂಗಡಿಯಲ್ಲಿ ಮಿರ್ಚಿ, ಚುರಮುರಿ ತಿಂದು, ಚಹಾ ಕುಡಿದೆವು. ಅಲ್ಲಿಂದ ವಿಜಯಪುರದ ಕಡೆಗೆ ತಿರುಗಿದ ರಸ್ತೆ ಸಾರವಾಡದ ಹತ್ತಿರ ಡೋಣಿ ನದಿಯನ್ನು ದಾಟುತ್ತದೆ. ಮಾಮಾ ಸೇತುವೆಯ ಬದಿಗೆ ಜೀಪು ನಿಲ್ಲಿಸಿದರು.

ಡೋಣಿ ಹರಿದರೆ ಓಣೆಲ್ಲ ಜೋಳ ಎಂಬ ಗಾದೆ ಈ ಸೀಮೆಯಲ್ಲಿ ಎಷ್ಟು ಕಾಲದಿಂದ ಇದೆಯೋ. ಜತ್ತ ಕಡೆಯಿಂದ ಇಳಿದು ಬರುವ ಈ ನದಿಯ ನೀರು ಉಪ್ಪು. ಬೇಸಿಗೆ ಹತ್ತಿರ ಬಂದಂತೆ ದಂಡೆಯ ಮಣ್ಣಿನ ಮೇಲೆ ಬಿಳಿಯ ಪದರು ಮೂಡುತ್ತದೆ. ಮಳೆಗಾಲದಲ್ಲಿ ಉಕ್ಕಿ ಹೊಲಗಳನ್ನು ಮುಳುಗಿಸುವುದೂ ಇದೇ ನದಿ, ಹೂಳು ಹರವಿ ಎರೆಯನ್ನು ಕೊಬ್ಬಿಸುವುದೂ ಇದೇ ನದಿ. ಕೆಳಗೆ ತೆಳುವಾದ ನೀರು ಸದ್ದಿಲ್ಲದೆ ಜಾರುತ್ತಿತ್ತು. ಸಂಜೆಯ ಬಿಸಿಲಿಗೆ ಉಪ್ಪಿನ ಗೆರೆಗಳು ಬೆಳ್ಳಿಯಂತೆ ಹೊಳೆದವು. ಕೆಡಿಸುವ ನೀರೂ ಬೆಳೆಸುವ ನೀರೂ ಬೇರೆ ಬೇರೆಯಲ್ಲ ಎಂದು ಈ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ಇರಬೇಕು, ಈ ನದಿಯನ್ನು ಬೈಯುವವರೂ ಅದರ ಹೆಸರು ಹೇಳುವಾಗ ದನಿ ತಗ್ಗಿಸುತ್ತಾರೆ.

ಸೇತುವೆಯ ಆಚೆ ತುದಿಯಲ್ಲಿ ಒಂದು ಪುಟ್ಟ ಕೈ ಮೇಲೆದ್ದಿತು. ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡ ಹತ್ತು ಹನ್ನೊಂದರ ಹುಡುಗ. ಬಸ್ಸು ತಪ್ಪಿತ್ತು. ಮಾಮಾ ನಿಲ್ಲಿಸಿದರು. ಅವನು ಹತ್ತಿ ಆಯಿ ಕೂತ ಜಾಗದಲ್ಲೇ ಕೂತ. ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಕಣ್ಣು ಮಾತ್ರ ನನ್ನ ಜೇಬಿನ ಮೇಲೆ.

ಮಣೂಕ ತೆಗೆದು ಕೊಟ್ಟೆ. ಒಂದು ಮುಷ್ಟಿ ಅವನು ಬಾಯಿಗೆ ಹಾಕಿದ, ಇನ್ನೊಂದು ಮುಷ್ಟಿ ತಂಗಿಗೆಂದು ಚೀಲದೊಳಗೆ ಪುಸ್ತಕದ ಸಂದಿಗೆ ಇಟ್ಟುಕೊಂಡ. ಉಳಿದದ್ದೂ ತಗೋ ಎಂದು ಜೇಬನ್ನು ಹೊರಳಿಸಿ ಕೊಡವಿದೆ. ಕೊನೆಯ ಕಾಳು ಹೊಲಿಗೆಯಲ್ಲಿ ಸಿಕ್ಕಿಕೊಂಡಿತ್ತು. ಅವನೇ ಬೆರಳು ಹಾಕಿ ಬಿಡಿಸಿಕೊಂಡ. ಖಾಲಿ ಜೇಬು ಒಳಗಿನ ಬಿಳಿ ಬಟ್ಟೆ ತೋರಿಸುತ್ತ ಎದೆಯ ಮೇಲೆ ಹಾಗೇ ಜೋತುಬಿದ್ದಿತು. ಅದನ್ನು ಒಳಗೆ ಸೇರಿಸಲು ಮನಸ್ಸಾಗಲಿಲ್ಲ.

ಮುಂದೆ, ಬಯಲಿನ ಅಂಚಿನಲ್ಲಿ ಗೋಳಗುಮ್ಮಟ ಮೂಡಿತು. ಬೆಳಗ್ಗೆ ಕನ್ನಡಿಯಲ್ಲಿ ಹಿಂದೆ ಸರಿದದ್ದು ಈಗ ಎದುರಿಗೆ ಬರುತ್ತಿತ್ತು. ಕತ್ತಲಾಗುವ ಮೊದಲಿನ ನೀಲಿಯಲ್ಲಿ ಅದು ಹಗುರವಾಗಿ, ಈಗಷ್ಟೇ ನೆಲಕ್ಕಿಳಿದ ಹಾಗೆ ಕಂಡಿತು. ಮಾಮಾ ದೀಪ ಹಾಕಿದರು. ದೀಪದ ಬೆಳಕು ಬಿದ್ದಲ್ಲಿ, ತಿರುವಿನ ಹತ್ತಿರ, ಇನ್ನೊಂದು ಕೈ ಎದ್ದಿತ್ತು.

ನಾನು ಸರಿದು ಕೂತೆ.